ಏಳು ನಾಲ್ಕು ಒಂಬತ್ತು ಯಾರದು

ತೊಳೆದ ಲೋಟಗಳನ್ನು ಹಲಗೆಯ ಮೇಲೆ ಜೋಡಿಸುತ್ತಿದ್ದೆ. ಒಂದು ಲೋಟ, ಒಂದು ಈರುಳ್ಳಿ, ಇನ್ನೊಂದು ಲೋಟ, ಒಂದು ನಿಂಬೆಹಣ್ಣು, ಮತ್ತೊಂದು ಲೋಟ. ನಾಲ್ಕನೆಯದಕ್ಕೆ ಅಡ್ಡ ಇಡಲು ಏನೂ ಸಿಗದೆ ಮೂಲೆಯಲ್ಲಿ ತಡಕಾಡುತ್ತಿರುವಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

"ಚೆನ್ನಾಜಮ್ಮ ಅಂದ್ರೆ ನೀವೇನಾ?"

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹೆಗಲಿಗೊಂದು ಚೀಲ, ಎರಡು ಕೈಯಲ್ಲೂ ಒಂದೊಂದು ಫೋನು. ಕೈಗಳನ್ನು ದೂರ ದೂರ ಚಾಚಿ ಹಿಡಿದುಕೊಂಡಿದ್ದಳು. ಊರಿಗೆ ಬಂದು ಒಂದು ವಾರವಾದರೂ ಆಗಿರಬೇಕು ಎಂದುಕೊಂಡೆ. ಹೊಸದಾಗಿ ಬಂದವರು ಯಾರೂ ಹಾಗೆ ಹಿಡಿಯುವುದಿಲ್ಲ.

"ನಾನು ಸುಚೇತಾ ಅಂತ. ಆಸ್ಪತ್ರೆಗೆ ಸರದಿ ಆ್ಯಪ್ ಮಾಡ್ತಿರೋಳು. ಅಜ್ಜಿ, ಈ ಊರಲ್ಲಿ ಯಾವ ಫೋನು ಯಾವುದು ಅಂತ ಗೊತ್ತುಮಾಡ್ಕೊಳ್ಳೋದು ಹೇಗೆ?"

"ಇಲ್ಲಿ ಲೋಟಾನೇ ಯಾವುದು ಯಾವುದು ಅಂತ ಗೊತ್ತಾಗಲ್ಲ ಕಣವ್ವ. ಬಾ, ಕೂತ್ಕೋ. ಒಂದು ಫೋನು ಈ ಕಡೆ ಇಡು, ಇನ್ನೊಂದು ಆ ಕಡೆ ಇಡು."

ನಮ್ಮೂರಲ್ಲಿ ಒಂದೇ ಜಾತಿಯ ಎರಡು ವಸ್ತು ಒಂದರ ಪಕ್ಕ ಒಂದು ರಾತ್ರಿ ಕಳೆದರೆ ಒಂದು ಇನ್ನೊಂದರಂತಾಗುತ್ತದೆ. ಯಾವುದು ಯಾವುದರಂತೆ ಎನ್ನುವುದು ಬೆಳಗಾದ ಮೇಲೇ ತಿಳಿಯುವುದು. ನಡುವೆ ಒಂದು ಮೊಳ ಜಾಗ ಬಿಡಬೇಕು, ಇಲ್ಲವೇ ಬೇರೆ ಜಾತಿಯದೇನಾದರೂ ಅಡ್ಡ ಇಡಬೇಕು. ಹೋಲಿಕೆ ಗೋಡೆಗೆ ಏರುವ ತೇವದ ಹಾಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೊದಲ ದಿನ ಲೋಟದ ತಳ ಮಾತ್ರ. ತಿಂಗಳುಗಟ್ಟಲೆ ಬಿಟ್ಟರೆ ಕಂಠದ ಮೇಲೆ ಕೆತ್ತಿಸಿದ ಹೆಸರೂ ಪಕ್ಕದ ಮನೆಯವರದು. ಮನುಷ್ಯರಿಗೆ ತಾಗುವುದಿಲ್ಲ ಎನ್ನುತ್ತಾರೆ. ಕೆಲವು ಗಂಡಹೆಂಡಿರನ್ನು ನೋಡಿದರೆ ನನಗೆ ಅನುಮಾನ.

ಹೀಗೆ ಬೆರೆತುಹೋದ ವಸ್ತುಗಳ ಗುರುತು ಹೇಳುವುದು ನನ್ನ ಕೆಲಸ. ಮದುವೆ ಮುಗಿದ ಮೇಲೆ ಕೊಳಗ, ಹಂಡೆ, ಚಪ್ಪಲಿ ಎಲ್ಲವನ್ನೂ ಮುಂದಿಟ್ಟುಕೊಂಡು ಇದು ಇಂಥವರದು ಎಂದು ಹೇಳಬೇಕು. ನಲವತ್ತು ವರ್ಷ ಹೇಳಿದ್ದೇನೆ. ಒಂದು ಸಲವೂ ತಪ್ಪಿರಲಿಲ್ಲ, ಅಥವಾ ತಪ್ಪಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಸುಚೇತಾಳ ಕಷ್ಟ ಇಷ್ಟು. ನಮ್ಮ ಆಸ್ಪತ್ರೆಯಲ್ಲಿ ಕಿಡ್ನಿ ಕೈಕೊಟ್ಟವರ ರಕ್ತ ಶುದ್ಧಮಾಡುವ ಯಂತ್ರ ಒಂದೇ ಒಂದು ಇದೆ. ಅದು ವಾರಕ್ಕೆ ಹದಿನೆಂಟು ಜನರಿಗೆ ಆಗುತ್ತದೆ, ಒಬ್ಬೊಬ್ಬರಿಗೆ ಎರಡು ಸಲ. ಹತ್ತೊಂಬತ್ತನೆಯವರು ಹೊಳೆಯಾಚೆಯ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಬೇಕು. ಹೋಗುವುದಕ್ಕೆ ಆರು ತಾಸು, ಬರುವುದಕ್ಕೆ ಆರು ತಾಸು. ಹಿಂದೆ ಸರದಿಯನ್ನು ಹೆಸರು ಬರೆದು ಕೊಡುತ್ತಿದ್ದರು. ಹೆಸರು ನೋಡಿದ ಕೂಡಲೇ ಇವನು ನಮ್ಮವನು, ಅವನು ಅವರವನು ಎಂದು ಶುರುವಾಗುತ್ತಿತ್ತು. ಅದಕ್ಕೇ ಆಸ್ಪತ್ರೆ ಸಮಿತಿಯ ಅಧ್ಯಕ್ಷ ಪಾಲಾಕ್ಷಪ್ಪ ಹೆಸರನ್ನೇ ತೆಗೆದುಹಾಕಿಸಿದ್ದ. ಒಂದು ಫೋನು, ಒಬ್ಬ ರೋಗಿ. ಪ್ರತಿ ಸೋಮವಾರ ಆ ವಾರದ ಎರಡು ದಿನ ಯಾವುವು ಎಂದು ಆ್ಯಪ್ ಹೇಳುತ್ತದೆ. ದಿನ ವಾರ ವಾರಕ್ಕೂ ಬದಲಾಗುತ್ತದೆ. ಫೋನಿನ ಹಿಂದೆ ಯಾರಿದ್ದಾರೆ ಎಂದು ಯಂತ್ರಕ್ಕೂ ಗೊತ್ತಾಗಬಾರದು, ಸಮಿತಿಗೂ ಗೊತ್ತಾಗಬಾರದು.

"ಅದಕ್ಕೆ ಫೋನಿಗೊಂದು ಗುರುತು ಬೇಕಲ್ಲ ಅಜ್ಜಿ," ಎಂದಳು. "ಮೊದಲು ಕಂಪನಿಯವರೇ ಒಳಗೆ ಕೊಟ್ಟಿರೋ ನಂಬರ್ ತಗೋಣ ಅಂದ್ಕೊಂಡೆ. ಅದನ್ನ ಓದೋಕೆ ಈಗ ಆ್ಯಪ್‌ಗಳಿಗೆ ಬಿಡೋದಿಲ್ಲ. ಆಮೇಲೆ ನಾನೇ ಒಂದು ಉದ್ದದ ಸಂಖ್ಯೆ ಮಾಡಿ ಆ್ಯಪ್ ಹಾಕಿದ ದಿನವೇ ಫೋನಿನ ಒಳಗೆ ತಳಕ್ಕೆ ಸೇರಿಸಿಟ್ಟೆ. ಆ್ಯಪ್ ತೆಗೆದು ಮತ್ತೆ ಹಾಕಿದರೆ ಅದು ಅಳಿಸಿಹೋಗಿ ಹೊಸ ಫೋನು ಆಗ್ತದೆ. ಬೇರೆ ಊರಲ್ಲೂ ಇದೇ ಗೋಳು. ಇಲ್ಲಿ ಅದರ ಮೇಲೆ, ಪಕ್ಕದಲ್ಲಿಟ್ಟ ಫೋನಿಗೆ ಹೋಗಿ ಅಂಟಿಕೊಳ್ತದೆ."

"ತಳದಲ್ಲಿ ಇಟ್ಟಿದೀಯಲ್ಲ, ಮೊದಲು ತಾಗೋದೇ ತಳಕ್ಕೆ."

"ಮೇಲೆ ಇಡೋಕಾಗಲ್ಲ ಅಜ್ಜಿ. ಮೇಲಿಟ್ಟರೆ ಯಾರು ಬೇಕಾದರೂ ಬದಲಾಯಿಸಬಹುದು." ಮತ್ತೆ, "ಪ್ರತಿ ಫೋನಿನದೂ ಹೊರಗಿನ ಫೋಟೋ ತೆಗೆದಿಟ್ಟರೆ?" ಎಂದಳು.

"ಫೋಟೋಗಳೆಲ್ಲ ಎಲ್ಲಿ ಇರ್ತವೆ? ಒಂದೇ ಪೆಟ್ಟಿಗೇಲಿ, ಒಂದರ ಪಕ್ಕ ಒಂದು ತಾನೇ?"

ಅವಳು ಹಣೆ ಒತ್ತಿಕೊಂಡಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಈಗ ನೆನೆದರೆ ನಾಲಿಗೆ ಕಹಿಯಾಗುತ್ತದೆ.

ಕೊನೆಗೆ ಹೀಗೆಂದು ಗೊತ್ತಾಯಿತು. ಫೋನಿಗೆ ಹೋಲಿಕೆ ತಾಗಿದರೆ ತಳದ ಸಂಖ್ಯೆ ಒಂದೇ ರಾತ್ರಿಯಲ್ಲಿ ಹೋಗುತ್ತದೆ, ಹೊರಗಿನ ಗೀರು, ಮುಕ್ಕು, ಕಲೆ ಬದಲಾಗಲು ತಿಂಗಳು ಬೇಕು. ಆದ್ದರಿಂದ ಆ್ಯಪ್ ಹಾಕಿದ ದಿನ ಪ್ರತಿ ಫೋನನ್ನೂ ನಾನು ನೋಡಬೇಕು. ಸಂಖ್ಯೆಯ ಕೊನೆಯ ಮೂರು ಅಂಕೆ ಮೇಲೆ ಬರೆದು, ಕೆಳಗೆ ಆ ಫೋನಿನ ಮೈಮೇಲಿನ ಗುರುತು ಬರೆಯಬೇಕು. ಯಜಮಾನರ ಹೆಸರು ಮಾತ್ರ ಬರೆಯಕೂಡದು. ಜಗಳ ಬಂದರೆ ಪುಸ್ತಕ ತೆಗೆದು ನೋಡುವುದು.

ನಾನು ಅಕ್ಷರ ಕಲಿತದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಅಲ್ಲಿನ ಮೇಷ್ಟ್ರು ಎರಡು ರೂಢಿ ಹಾಕಿಸಿದ್ದರು. ಓದುವಾಗ ಎದುರು ಪುಟವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ತಡವಾಗಿ ಕಲಿತವರ ಕಣ್ಣು ಎರಡು ಪುಟ ಕಂಡರೆ ಓಡಾಡುತ್ತದೆ. ಬರೆಯುವಾಗ ಬಲಗಡೆ ಪುಟದಲ್ಲಿ ಮಾತ್ರ ಬರೆಯಬೇಕು. "ಎಡಗಡೆದು ಉಸಿರಾಡಲಿ ಬಿಡಮ್ಮ," ಎನ್ನುತ್ತಿದ್ದರು. ಊರಿನ ಶಾನುಭೋಗರೂ ಹಾಗೇ ಬರೆಯುತ್ತಿದ್ದರಂತೆ. ಹಾಳೆಗೆ ಶಾಯಿ ಇಳಿಯುತ್ತದೆ, ಅದಕ್ಕಿರಬೇಕು ಎಂದುಕೊಂಡಿದ್ದೆ.

ಆಸ್ಪತ್ರೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಮೂರು ದಿನ ಕೂತೆ. ರೋಗಿಗಳು, ಸರದಿಗೆ ಕಾದವರು, ಮುಂದೆ ಬೇಕಾಗಬಹುದು ಎಂದು ಬಂದವರು, ಎಲ್ಲರ ಫೋನೂ ನೋಡಿದೆ. ಮೂರನೆಯ ದಿನ ಮಧ್ಯಾಹ್ನಕ್ಕೆ ಪುಸ್ತಕದಲ್ಲಿ ನಾಲ್ಕೇ ಹಾಳೆ ಉಳಿದವು, ಜಗಲಿಯಲ್ಲಿ ಇನ್ನೂ ಏಳು ಜನ. ಹೊಸ ಪುಸ್ತಕ ತರಲು ಪೇಟೆಗೆ ಹೋಗಬೇಕು. ಹಾಳೆಯ ಎರಡೂ ಮಗ್ಗುಲಲ್ಲಿ ಬರೆದು ಮುಗಿಸಿಬಿಟ್ಟೆ. ನಡುವೆ ನೀಲಿ ಪೆನ್ನು ಖಾಲಿಯಾಗಿ ಸುಚೇತಾ ತನ್ನ ಕಪ್ಪು ಪೆನ್ನು ಕೊಟ್ಟಳು.

ಆ ಏಳು ಜನರಲ್ಲಿ ನನ್ನ ತಮ್ಮ ಈರಬಸು ಒಬ್ಬ. ಅವನ ಫೋನಿನ ಬಲಮೂಲೆ ಮುಕ್ಕಾಗಿದೆ, ಬ್ಯಾಟರಿ ಬೀಳದಿರಲಿ ಎಂದು ರಬ್ಬರ್ ಬ್ಯಾಂಡ್ ಸುತ್ತಿದ್ದಾನೆ. ಇನ್ನೊಬ್ಬಳು ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಓಬಳಮ್ಮ. ತನಗಲ್ಲ, ಗಂಡ ಗಾದಿಲಿಂಗನಿಗೆ. ಯಾರಿಗೆ ಯಾವ ಅಂಕೆ ಬಂತು ಎಂದು ನಾನು ನೆನಪಿಟ್ಟುಕೊಳ್ಳಲಿಲ್ಲ. ನೆನಪಿಟ್ಟುಕೊಂಡರೆ ಹೆಸರು ಬರೆದ ಹಾಗೇ ಆಗುತ್ತದೆ ಎಂದು ಬೇಕೆಂದೇ ಮರೆತೆ.

ಆರು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಸುಸೂತ್ರ ಎಂದರೆ, ಯಾರೂ ಯಾರನ್ನೂ ನಂಬದೆ ನಡೆಯಿತು. ಆಸ್ಪತ್ರೆಯ ಬೆಂಚಿನಲ್ಲಿ ಕೂತವರು ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕೂರುತ್ತಿದ್ದರು. ಪಕ್ಕದವರು ಹತ್ತಿರ ಸರಿದರೆ ನಡುವೆ ಊಟದ ಡಬ್ಬಿ ಬರುತ್ತಿತ್ತು. ಫೋನುಗಳನ್ನು ಅಕ್ಕಿ ಡಬ್ಬಿಯಲ್ಲಿ, ಕುಂಬಳಕಾಯಿಯ ಹಿಂದೆ ಮಲಗಿಸುತ್ತಿದ್ದರು. ಆಸ್ಪತ್ರೆಯ ಚಾರ್ಜಿಂಗ್ ಹಲಗೆಯ ಮೇಲೆ ಪ್ರತಿ ಎರಡು ಫೋನಿನ ನಡುವೆ ಒಂದು ಇಟ್ಟಿಗೆ ಇಡುತ್ತಿದ್ದರು.

ಒಂದು ಭಾನುವಾರ ಕರೆಂಟು ಕೈಕೊಟ್ಟು ಯಂತ್ರ ಅರ್ಧಕ್ಕೇ ನಿಂತಿತು. ಆ ದಿನ ಸರದಿ ಇದ್ದ ಈರಬಸುವೂ ಗಾದಿಲಿಂಗನೂ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಸೋಮವಾರ ಬೆಳಿಗ್ಗೆ ನೋಡಿದರೆ ಅವರಿಬ್ಬರ ಫೋನುಗಳ ನಡುವಿನ ಇಟ್ಟಿಗೆ ನೆಲದ ಮೇಲಿತ್ತು. ತೆಗೆದವರು ಯಾರೆಂದು ಯಾರೂ ಹೇಳಲಿಲ್ಲ.

ಮಂಗಳವಾರ ಎಂಟು ಗಂಟೆಗೆ ಯಂತ್ರದ ಕೋಣೆಯ ಬಾಗಿಲಲ್ಲಿ ಈರಬಸುವೂ, ಗಂಡನ ಜೊತೆ ಓಬಳಮ್ಮನೂ ಬಂದು ನಿಂತರು.

"ಇದು ನಮ್ಮ ಸರದಿ ಕಣಣ್ಣ," ಎಂದಳು ಓಬಳಮ್ಮ. "ನೋಡು, ಫೋನೇ ಹೇಳ್ತೈತೆ."

"ನಂದೂ ಅದನ್ನೇ ಹೇಳ್ತೈತಲ್ಲ ತಾಯಿ," ಎಂದ ಈರಬಸು. "ನಿನ್ನ ಫೋನಿಗೆ ಮಾತ್ರ ಬಾಯಿ ಐತಾ?"

ಸುಚೇತಾ ಎರಡನ್ನೂ ತೆಗೆದುಕೊಂಡು ನೋಡಿದಳು. ಎರಡರ ತಳದಲ್ಲೂ ಒಂದೇ ಸಂಖ್ಯೆ, ಕೊನೆಗೆ ಏಳು ನಾಲ್ಕು ಒಂಬತ್ತು. ಹದಿನೆಂಟು ಗುರುತುಗಳಲ್ಲಿ ಮೂರು ಒಂದು ಆರು ಎನ್ನುವುದು ಯಾವ ಫೋನಿನಲ್ಲೂ ಇರಲಿಲ್ಲ. ಅಂದರೆ ಇಬ್ಬರಲ್ಲಿ ಒಬ್ಬರದು ಏಳು ನಾಲ್ಕು ಒಂಬತ್ತು, ಇನ್ನೊಬ್ಬರ ಗುರುತು ಅಳಿದುಹೋಗಿದೆ. ಗುರುತು ಅಳಿದ ಫೋನು ಹೊಸ ಫೋನು. ಹೊಸ ಫೋನಿಗೆ ಸಾಲಿನ ಕೊನೆ. ಕೊನೆ ಎಂದರೆ ಎರಡು ತಿಂಗಳಾದರೂ ಬಸ್ಸು.

"ಅವರಿಬ್ಬರಿಗೂ ಹೊಸ ಗುರುತು ಕೊಟ್ಟು ಮೊದಲಿನ ಜಾಗದಲ್ಲೇ ಕೂರಿಸೋಣ," ಎಂದಳು ಸುಚೇತಾ.

"ಇವತ್ತು ಕೂರಿಸಿದ್ರೆ ನಾಳೆ ಹಲಗೆ ಮೇಲೆ ಒಂದು ಇಟ್ಟಿಗೇನೂ ಉಳಿಯಲ್ಲ," ಎಂದ ಗಲಾಟೆ ಕೇಳಿ ಬಂದ ಪಾಲಾಕ್ಷಪ್ಪ. "ಕಾದು ನಿಂತೋರೆಲ್ಲ ಬಂದು ಫೋನು ಒತ್ತಿ ಇಡ್ತಾರೆ. ಚೆನ್ನಾಜಮ್ಮ, ಪುಸ್ತಕ ತಗೀರಿ."

ತೆಗೆದೆ. ಜಗಲಿಯ ಮೇಜಿನ ಮೇಲಿಟ್ಟು ಏಳು ನಾಲ್ಕು ಒಂಬತ್ತರ ಪುಟ ಹುಡುಕಿದೆ. ಎದುರು ಪುಟವನ್ನು ಬಟ್ಟೆಯಿಂದ ಮುಚ್ಚಿ, ಬೆರಳಿಟ್ಟು ಓದಿದೆ. ಬಣ್ಣ ಕಪ್ಪು. ಬಲಮೂಲೆ ಮುಕ್ಕು. ರಬ್ಬರ್ ಬ್ಯಾಂಡ್ ಸುತ್ತಿದೆ.

ಎದೆ ಹಗುರಾಯಿತು. ಆಗಬಾರದಿತ್ತು, ಆಯಿತು. "ಏಳು ನಾಲ್ಕು ಒಂಬತ್ತು ಈ ಫೋನು," ಎಂದು ತಮ್ಮನದನ್ನು ಮುಟ್ಟಿದೆ.

ಓಬಳಮ್ಮ ಕೂಗಾಡಲಿಲ್ಲ. ತನ್ನ ಫೋನನ್ನು ಸೆರಗಿನಲ್ಲಿ ಒರೆಸಿಕೊಂಡಳು. "ಇದರ ಬೆನ್ನ ಮೇಲೆ ಸೂಜಿ ಗೀರು ಆರು ಅವೆ, ಚೆನ್ನಾಜಕ್ಕ. ನಾನೇ ಎಣಿಸಿ ಹೇಳಿದ್ದೆ, ನೀನು ಬರಕೊಂಡೆ. ಅದು ಎಲ್ಲಿ ಐತೆ ಪುಸ್ತಕದಾಗೆ?"

"ಮೂರು ಒಂದು ಆರರ ಪುಟದಾಗೆ ಇರ್ಬೇಕು," ಎಂದೆ.

"ಇರ್ಬೇಕು," ಎಂದಳು. "ತಮ್ಮನ ಪುಟ ಮಾತ್ರ ಓದೋಕೆ ಬರ್ತೈತೆ ನಿನಗೆ."

ಆಗ ಬಟ್ಟೆ ಸರಿಸಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ನನಗೆ ಸಿಟ್ಟು ಬಂದಿತ್ತು. ನಲವತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಪುಸ್ತಕ ಮುಚ್ಚಿದೆ.

ಗುರುವಾರದಿಂದ ಗಾದಿಲಿಂಗ ಬಸ್ಸಿನಲ್ಲಿ ಹೋಗತೊಡಗಿದ. ಊರು ಎರಡು ಪಾಲಾಯಿತು. ಚೆನ್ನಾಜಮ್ಮ ತಮ್ಮನ ಕಡೆ ವಾಲಿದಳು ಎಂದು ಒಂದು ಪಾಲು. ಓಬಳಮ್ಮನೇ ಈರಬಸುವಿನ ಸರದಿಗೆ ಆಸೆಬಿದ್ದು ಇಟ್ಟಿಗೆ ತೆಗೆದು ಸಿಕ್ಕಿಬಿದ್ದಳು ಎಂದು ಇನ್ನೊಂದು. ಅವಳ ಹತ್ತಿರ ಹೊಲಿಯಲು ಕೊಟ್ಟ ಬಟ್ಟೆಯನ್ನು ಕೆಲವರು ವಾಪಸು ತಂದರು. ಇಟ್ಟಿಗೆ ತೆಗೆಯುವವಳು ಬಟ್ಟೆಗಳ ನಡುವಿನ ಕಾಗದ ತೆಗೆಯಲಾರಳೇ ಎಂದು ಅವರ ಲೆಕ್ಕ. ನಾನು ಮಾತ್ರ ಮೂರನೆಯ ಕಡೆ ನೋಡುತ್ತಿದ್ದೆ. ಇಟ್ಟಿಗೆ ಈರಬಸು ತೆಗೆದನೇ? ಅವನು ಚಿಕ್ಕಂದಿನಿಂದಲೂ ಮುಖ ನೋಡಿ ಸುಳ್ಳು ಹೇಳುವವನಲ್ಲ. ಮುಖ ತಿರುಗಿಸಿ ಸುಮ್ಮನಿರುವವನು. ಆ ದಿನದಿಂದ ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಮುಖ ತಿರುಗಿಸಿಯೇ ಉಣ್ಣುತ್ತಿದ್ದ.

ಎಂಟು ದಿನ ಕಳೆದ ಮೇಲೆ ಸುಚೇತಾ ಬಂದು ಶಾಲೆಯ ಅಡುಗೆಯವಳ ಫೋನಿನ ಗುರುತು ಕೇಳಿದಳು. ಅದು ಕೊನೆಯ ಹಾಳೆಯಲ್ಲಿತ್ತು. ಪುಟ ಮುಚ್ಚುವ ಬಟ್ಟೆಯನ್ನು ಒಗೆಯಲು ಹಾಕಿದ್ದೆ. ಅಂಗಳದ ಬಿಸಿಲಲ್ಲಿ ಪುಸ್ತಕ ಬಿಚ್ಚಿದಾಗ ಎರಡೂ ಪುಟ ಒಟ್ಟಿಗೆ ಕಂಡವು. ಎಡಗಡೆ: ಹಿಂಬದಿಯಲ್ಲಿ ಸುಟ್ಟ ಕಲೆ. ಬಲಗಡೆ: ಹಿಂಬದಿಯಲ್ಲಿ ಸುಟ್ಟ ಕಲೆ. ಒಲೆಯ ಮೇಲೆ ಫೋನು ಬೀಳಿಸಿಕೊಂಡವಳು ಊರಿಗೆ ಅವಳೊಬ್ಬಳೇ.

ಸುಚೇತಾ ಹೋಗುವವರೆಗೂ ಕಾದು, ಒಂದು ಹಾಳೆ ಹಿಂದಕ್ಕೆ ತಿರುವಿದೆ. ಎಡಗಡೆ ಏಳು ನಾಲ್ಕು ಒಂಬತ್ತು, ಬಲಗಡೆ ಮೂರು ಒಂದು ಆರು. ಎರಡೂ ಕಪ್ಪು, ಎರಡರದೂ ಬಲಮೂಲೆ ಮುಕ್ಕು, ಎರಡಕ್ಕೂ ರಬ್ಬರ್ ಬ್ಯಾಂಡ್. ಸೂಜಿ ಗೀರು ಆರು ಎನ್ನುವುದು ಇಡೀ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಪುಸ್ತಕ ಮುಚ್ಚಿದಾಗ ಎರಡು ಪುಟಗಳು ಮುಖಕ್ಕೆ ಮುಖ ಇಟ್ಟು ಮಲಗುತ್ತವೆ. ಖಾಲಿ ಪುಟಕ್ಕೆ ಏನೂ ತಾಗುವುದಿಲ್ಲ, ಅದೇ ಅಡ್ಡ ಇಟ್ಟ ಈರುಳ್ಳಿ. ಬರೆದ ಪುಟಕ್ಕೆ ಬರೆದ ಪುಟ ಎದುರಾದರೆ ತಾಗುತ್ತದೆ. ಮೇಷ್ಟ್ರು ಹೇಳಿದ ಉಸಿರು ಇದು. ಶಾನುಭೋಗರಿಗೆ ಗೊತ್ತಿತ್ತು, ಮೇಷ್ಟ್ರಿಗೆ ಪಾಠವಾಗಿ ಮಾತ್ರ ಗೊತ್ತಿತ್ತು, ನನಗೆ ಅಷ್ಟೂ ಉಳಿಯಲಿಲ್ಲ. ಫೋಟೋ ಪೆಟ್ಟಿಗೆಯ ಮಾತಾಡಿ ಹುಡುಗಿಯ ಬಾಯಿ ಮುಚ್ಚಿಸಿದವಳು ನಾನು.

ಯಾವ ಪುಟ ಯಾವುದರಂತಾಯಿತು ಎನ್ನುವುದು ಬಿಸಿಲಲ್ಲಿ ಗೊತ್ತಾಯಿತು. ಮೂರು ಒಂದು ಆರರ ಪುಟ ಮೇಲಿನಿಂದ ಕೆಳಗಿನವರೆಗೂ ಕಪ್ಪು ಶಾಯಿ. ಏಳು ನಾಲ್ಕು ಒಂಬತ್ತರ ಪುಟದಲ್ಲಿ ಅಂಕೆ ನೀಲಿ ಶಾಯಿ, ಫೋನಿನ ಬಣ್ಣ ಬರೆದ ಸಾಲೂ ನೀಲಿ ಶಾಯಿ, ಅದರ ಕೆಳಗಿನದೆಲ್ಲ ಕಪ್ಪು. ಆ ಪುಟ ಪೂರ್ತಿ ಬರೆದ ಮೇಲೆ ನೀಲಿ ಪೆನ್ನು ಮುಗಿದದ್ದು. ಒಂದೇ ಪುಟವನ್ನು ಎರಡು ಪೆನ್ನಿನಲ್ಲಿ ನಾನು ಬರೆದಿಲ್ಲ. ಹೋಲಿಕೆ ಕೆಳಗಿನಿಂದ ಏರಿ ಸೂಜಿ ಗೀರನ್ನು ತಿಂದುಹಾಕಿತ್ತು. ಜಗಲಿಯ ಟ್ಯೂಬ್‌ಲೈಟಿನಲ್ಲಿ ಎರಡು ಶಾಯಿಯೂ ಒಂದೇ ಥರ ಕಂಡಿದ್ದವು. ಏಳು ನಾಲ್ಕು ಒಂಬತ್ತು ಗಾದಿಲಿಂಗನದು. ಗುರುತು ಅಳಿದದ್ದು ನನ್ನ ತಮ್ಮನದು.

ಅಂದೇ ಕಾಗದ ಬರೆದೆ. ಸಮಿತಿಗೆ ಬಾಯಿಮಾತು ನಡೆಯುವುದಿಲ್ಲ. ಕೈಯಲ್ಲಿ ಕೊಟ್ಟ ಕಾಗದವನ್ನೂ ಪಾಲಾಕ್ಷಪ್ಪ ತೆಗೆದುಕೊಳ್ಳುವುದಿಲ್ಲ. ಆಮೇಲೆ ತಾರೀಖು ತಿದ್ದಿದ್ದಾರೆ ಎನ್ನುತ್ತಾನೆ. ಅಂಚೆಯಲ್ಲಿ, ಮುದ್ರೆ ಬಿದ್ದು ಬರಬೇಕು. ಬರೆದು, ಲಕೋಟೆಗೆ ಹಾಕಿ, ಅಂಟಿಸದೆ ಇಟ್ಟುಕೊಂಡೆ. ನಾಳೆ ಕಳಿಸೋಣ ಎಂದುಕೊಂಡೆ. ಮಾರನೆಯ ದಿನ ಈರಬಸು ಸರದಿ ಮುಗಿಸಿ ಬಂದ. ಮುಖದ ಬಾವು ಇಳಿದಿತ್ತು, ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದ. ಇನ್ನೊಂದು ಸಲ ಆಗಲಿ ಎಂದುಕೊಂಡೆ. ಹೀಗೆ ಒಂದೊಂದೇ ಸಲ.

ಈ ನಡುವೆ ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರ ಗಾದಿಲಿಂಗ ಸಿಕ್ಕಿದ. ಕಲ್ಲುಬೆಂಚಿನಲ್ಲಿ ಚಪ್ಪಲಿ ಬಿಚ್ಚಿ ಕೂತಿದ್ದ. ಪಾದಗಳು ಚಪ್ಪಲಿಗೆ ಹಿಡಿಸುವ ಹಾಗಿರಲಿಲ್ಲ. ನೋಡಿಯೂ ನೋಡದ ಹಾಗೆ ಹೋಗಬೇಕೆಂದಿದ್ದೆ, ಅವನೇ ಕರೆದ.

"ಅಕ್ಕ, ಕಣ್ಣು ಚೆನ್ನಾಗವಾ?"

ಕುಟುಕಿದನೋ ಎಂದು ನಿಂತು ನೋಡಿದೆ. ಕುಟುಕಿರಲಿಲ್ಲ. ನನ್ನ ಕಣ್ಣಿನ ಪೊರೆ ತೆಗೆಸಿದ್ದು ಅವನಿಗೆ ನೆನಪಿತ್ತು, ಅಷ್ಟೇ.

"ಚೆನ್ನಾಗವೆ ಕಣಪ್ಪ. ಓಬಳಮ್ಮ ಬರಲಿಲ್ವಾ ಜೊತೇಲಿ?"

"ಮೊದಲು ಬರ್ತಿದ್ಲು." ಚಪ್ಪಲಿಯನ್ನು ಕಾಲಿನಿಂದ ಆಚೆ ಈಚೆ ಸರಿಸಿದ. "ನಂದೇ ತಪ್ಪು ಅಕ್ಕ. ನೀನು ಹೇಳಿದ್ಮೇಲೆ ಸುಳ್ಳಾಗಲ್ಲ ಅಂತ ನನಗೆ ಗೊತ್ತಲ್ಲ. ಹಂಗಾರೆ ನಮ್ಮ ಗುರುತು ಮೊದ್ಲಿಂದ ಬೇರೇನೇ ಇತ್ತು, ಇವಳೇ ಆಸೆಬಿದ್ದು ಇಟ್ಟಿಗೆ ತೆಗೆದ್ಲಾ ಅಂತ ಮನಸಿಗೆ ಬಂತು. ಬಂದಿದ್ದನ್ನ ಬಾಯಲ್ಲಿ ಕೇಳಿಬಿಟ್ಟೆ. ಹದಿನೆಂಟು ವರ್ಷದಾಗೆ ಅವಳು ಒಂದು ದಿನಾನೂ ಮಾತು ಬಿಟ್ಟೋಳಲ್ಲ. ಈಗ ಬುತ್ತಿ ಕಟ್ಟಿ ಬಾಗಿಲ ಹತ್ರ ಇಡ್ತಾಳೆ. ಕೈಗೆ ಕೊಡಲ್ಲ."

ಬಸ್ಸು ಬಂತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹತ್ತಿದ.

ಮನೆಗೆ ಬಂದೆ. ನನ್ನ ಮಾತು ತಪ್ಪಿದ್ದರಿಂದ ಒಬ್ಬನ ಸರದಿ ಹೋಯಿತು ಎಂದುಕೊಂಡಿದ್ದೆ. ಸರದಿ ಎರಡು ತಿಂಗಳಿಗೆ ವಾಪಸು ಬರುತ್ತದೆ ಎಂದು ಒಳಗೊಳಗೇ ಸಮಾಧಾನವನ್ನೂ ಮಾಡಿಕೊಂಡಿದ್ದೆ. ಅವನು ನನ್ನನ್ನು ನಂಬಿ ಹೆಂಡತಿಯನ್ನು ನಂಬದೇ ಹೋದನಲ್ಲ, ಅದು ಯಾವ ಸಾಲಿನಲ್ಲಿ ನಿಂತರೆ ವಾಪಸು ಸಿಗುತ್ತದೆ?

ಆದರೂ ನೇರ ಅಂಚೆ ಕಚೇರಿಗೆ ಹೋಗಲಿಲ್ಲ. ಮೊದಲು ಅವನಿಗೆ ಹೇಳಬೇಕು ಅನಿಸಿತು. ಮಾರನೆಯ ದಿನ ಈರಬಸು ಊಟಕ್ಕೆ ಬಂದ. ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಪಲ್ಯ, ಅಳೆದು ಅರ್ಧ ಲೋಟ ನೀರು. ಉಂಡು ಕೈತೊಳೆದ ಮೇಲೆ ಕಾಗದ ಕೊಟ್ಟೆ. ಅವನು ನನ್ನ ಹಾಗಲ್ಲ, ಹಗಲು ಶಾಲೆಯಲ್ಲಿ ಕಲಿತವನು. ಒಂದೇ ಉಸಿರಿಗೆ ಓದಿ ಮುಗಿಸಿದ. ಆಮೇಲೆ ಮತ್ತೆ ಮೊದಲಿನಿಂದ ಓದಿದ.

"ಯಾವಾಗ ಬರೆದೆ ಇದನ್ನ?"

"ಹದಿನೇಳು ದಿನ ಆಯ್ತು."

"ಹಂಗಾರೆ ಆವತ್ತು ಜಗಲೀಲಿ... ಆವತ್ತು ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿದ್ರೆ ಹೇಳ್ತಿರ್ಲಿಲ್ವೇನೋ?"

ಅವನು ಕಾಗದವನ್ನು ಮಡಿಸಿದ, ಮತ್ತೆ ಬಿಚ್ಚಿದ. "ನೀನು ಗೊತ್ತಿದ್ದೇ ಹೇಳಿದೆ ಅಂದ್ಕೊಂಡಿದ್ದೆ ಅಕ್ಕ. ತಮ್ಮನ್ನ ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದ್ಲು, ಇಷ್ಟು ವರ್ಷದ ಹೆಸರನ್ನ ನನಗೋಸ್ಕರ ನೀರಿಗೆ ಹಾಕಿದ್ಲು ಅಂತ. ಅದಕ್ಕೇ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ. ಬೇಡ ಅನ್ನೋಕೂ ಧೈರ್ಯ ಬರ್ಲಿಲ್ಲ. ಬದುಕ್ಬೇಕು ಅನ್ನೋ ಆಸೆ ಬಲು ಕೆಟ್ಟದ್ದು."

"ನಾನು ಇಟ್ಟಿಗೆ ನೀನು ತೆಗೆದೆ ಅಂದ್ಕೊಂಡಿದ್ದೆ."

"ಇಲ್ಲ ಅಕ್ಕ."

ಮುಖ ತಿರುಗಿಸಲಿಲ್ಲ. ನಂಬಿದೆನೇ? ನಂಬಬೇಕು ಎಂದು ಗಟ್ಟಿಮಾಡಿಕೊಂಡೆ. ನಮ್ಮೂರಲ್ಲಿ ನಂಬಿಕೆ ಎಂದರೆ ಅಷ್ಟೇ ಸಿಗುವುದು.

"ಇದು ಹೋದ್ರೆ ನಿನಗೆ ಬಸ್ಸು," ಎಂದೆ.

"ಗೊತ್ತಾಯ್ತು." ಹೊರಗಿನ ಬಿಸಿಲನ್ನು ನೋಡಿದ. "ಹೋಗುವಾಗ ನೆರಳು ಯಾವ ಕಡೆ ಬೀಳ್ತೈತೆ ಅಂತ ಗಾದಿಲಿಂಗನ್ನ ಕೇಳ್ಬೇಕು. ಆ ಕಡೆ ಕಿಟಕಿ ಹಿಡೀಬೇಕಲ್ಲ." ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಅವನು ಹೆದರಿದ್ದಾನೆ ಎಂದು ನನಗೆ ಕಾಣುತ್ತಿತ್ತು. ನಾನೂ ಹೆದರಿದ್ದೆ. ಅವನ ಹೆಗಲ ಮೇಲೆ ಕೈಯಿಟ್ಟೆ. ಹತ್ತು ವರ್ಷದ ಹುಡುಗನಾಗಿದ್ದಾಗ ಬಿಟ್ಟರೆ ಮತ್ತೆ ಇಟ್ಟಿರಲಿಲ್ಲ.

"ಒಂದು ಸಾಲು ಸೇರಿಸು," ಎಂದ. "ಓಬಳಮ್ಮ ಇಟ್ಟಿಗೆ ತೆಗೆದಿಲ್ಲ ಅಂತ."

"ತೆಗೆದಿಲ್ಲ ಅಂತ ನನಗೇನು ಗೊತ್ತು? ನಾನು ನೋಡಿಲ್ವಲ್ಲ."

"ಗುರುತು ಅವಳದೇ ಆಗಿದ್ರೆ ಅವಳು ಯಾಕೆ ತೆಗೀತಾಳೆ? ತೆಗೆದು ಅವಳಿಗೆ ಸಿಗೋದು ಏನೂ ಇರ್ಲಿಲ್ವಲ್ಲ. ಹಂಗೆ ಬರೆದ್ರೆ ಅದು ನನ್ನ ಕಡೆ ಬೆರಳು ತೋರಿಸ್ತೈತೆ ಅಂತ ನನಗೂ ಗೊತ್ತು. ಬರಿ."

ಬರೆದೆ. ತಡಮಾಡಿದ ದಿನಗಳ ಮಾತನ್ನೂ ಸೇರಿಸಿದೆ. ಕಾಗದ ಇಷ್ಟೇ ಇತ್ತು: ಸಮಿತಿಯವರಿಗೆ. ಏಳು ನಾಲ್ಕು ಒಂಬತ್ತು ಗಾದಿಲಿಂಗನ ಫೋನು. ನಾನು ಪುಸ್ತಕದ ಎರಡೂ ಕಡೆ ಬರೆದಿದ್ದರಿಂದ ಪುಟಕ್ಕೆ ಪುಟ ತಾಗಿದೆ, ನಾನು ಹೇಳಿದ್ದು ತಪ್ಪು. ಮೂರು ಒಂದು ಆರು ನನ್ನ ತಮ್ಮ ಈರಬಸುವಿನದು, ಅದು ಅಳಿದಿದೆ. ಕೊನೆಯ ನಾಲ್ಕು ಹಾಳೆಗಳನ್ನು ನಂಬಬೇಡಿ. ಇದು ನನಗೆ ತಿಳಿದು ಹದಿನೇಳು ದಿನವಾಯಿತು. ಅಷ್ಟು ದಿನ ಸುಮ್ಮನಿದ್ದದ್ದು ಪುಟದ ತಪ್ಪಲ್ಲ, ನನ್ನದು. ಓಬಳಮ್ಮನಿಗೆ ಇಟ್ಟಿಗೆ ತೆಗೆಯುವ ಕಾರಣ ಇರಲಿಲ್ಲ.

ಹೆಸರು ಬರೆಯಬಾರದು ಎನ್ನುವ ನಿಯಮ ನೆನಪಿತ್ತು. ಮೂರು ಹೆಸರು ಬರೆದೆ, ಕೆಳಗೆ ನನ್ನದನ್ನೂ ಸೇರಿಸಿ ನಾಲ್ಕು. ಅದಕ್ಕೆ ಪಾಲಾಕ್ಷಪ್ಪ ಏನಾದರೂ ಮಾಡಿಕೊಳ್ಳಲಿ.

ನಮ್ಮೂರ ಅಂಚೆ ಡಬ್ಬಿಗೆ ಯಾರೂ ಕಾಗದ ಹಾಕುವುದಿಲ್ಲ. ಒಳಗೆ ಒಂದರ ಮೇಲೊಂದು ಬಿದ್ದು ಬೆಳಗಾದರೆ ಎಲ್ಲವೂ ಒಬ್ಬರ ಕಾಗದವೇ. ಮೂರು ಗಂಟೆಯ ಟಪಾಲು ಹೊರಡುವ ಮುಂಚೆ ಕಿಟಕಿಯಲ್ಲಿ ಕೈಗೆ ಕೊಡಬೇಕು. ಈರಬಸು ಜೊತೆಗೆ ಬಂದ. ಓಬಳಮ್ಮನ ಮನೆ ಮುಂದೆ ಹಾದುಹೋಗುವಾಗ ಹೊಲಿಗೆ ಯಂತ್ರದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಇಬ್ಬರೂ ತಲೆ ಎತ್ತಲಿಲ್ಲ.

ಕಿಟಕಿಯಲ್ಲಿದ್ದ ಅಂಚೆಯ ಹೆಣ್ಣುಮಗಳು ಲಕೋಟೆಯನ್ನು ತಿರುಗಿಸಿ ನೋಡಿದಳು. ವಿಳಾಸ ಎರಡು ಬೀದಿ ಆಚೆಯ ಆಸ್ಪತ್ರೆ.

"ಇಲ್ಲೇ ಹತ್ರ ಅಲ್ವಾ ಅಜ್ಜಿ? ನಡ್ಕೊಂಡು ಹೋಗಿ ಕೊಡಬಹುದಿತ್ತು."

"ಮುದ್ರೆ ಬೇಕಂತೆ."

"ಅರ್ಜೆಂಟಾ?"

"ಹದಿನೇಳು ದಿನದ ಹಿಂದೆ ಅರ್ಜೆಂಟಿತ್ತು," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಈರಬಸುವಿನ ಮುಖ ನೋಡಿದಳು; ಅವನು ಹೂಂ ಎಂದು ತಲೆಯಾಡಿಸಿದ. ಲಕೋಟೆಯನ್ನು ಮೇಜಿನ ಮೇಲಿಟ್ಟು ಮುದ್ರೆ ಒತ್ತಿದಳು, ಶಾಯಿ ಸರಿಯಾಗಿ ಹತ್ತಲಿಲ್ಲವೆಂದು ಇನ್ನೊಮ್ಮೆ ಒತ್ತಿ, ಟಪಾಲು ಚೀಲದಲ್ಲಿ ಅದೊಂದಕ್ಕೇ ಬೇರೆಯಾಗಿದ್ದ ಗೂಡಿಗೆ ಹಾಕಿದಳು.